ಕೌಲು ಅಂದ್ರೆ ಕೊಟ್ಟ ಮಾತು



ಈ ಸಲ ಬೆಳೆ ಸುದ್ದಿ ಬರೆಯೋಣ ಅಂದ್ರೆ ಹೊಲದಾಗ ಬೆಳೆನೇ ಇಲ್ಲ. ಡ್ಯಾಮಿನ 33 ಕ್ರಸ್ಟ್ ಗೇಟು ಬದಲಿಸೋ ಕೆಲಸಕ್ಕಂತ ಎರಡನೇ ಬೆಳೆಗೆ ನೀರು ಬಿಟ್ಟಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋದ ಮೇಲೆ ಈ ಕೆಲಸ ಆಗಲೇಬೇಕಿತ್ತು. ಆದರೆ ಎಲ್‌ಎಲ್‌ಸಿ ಕಾಲುವೆ ಒಣಗಿ, ಗದ್ದೆ ಬಿರುಕು ಬಿಟ್ಟು ನಿಂತಾಗ ರೈತನಿಗೆ ಉಳಿಯೋದು ಎರಡೇ ಕೆಲಸ. ಒಂದು ಸಾಲದ ಲೆಕ್ಕ, ಇನ್ನೊಂದು ಹೋಟ್ಲು ಕಟ್ಟೆ ಮೇಲಿನ ಮಾತು.

ಈ ಬೇಸಿಗೆ ನಮ್ಮ ಕಡೆ ಕಟ್ಟೆ ಮೇಲೆ ಓಡಾಡ್ತಿರೋ ಮಾತು ಒಂದೇ. ಗಾಂಧಿನಗರ ಕ್ಯಾಂಪಿನ ಒಂದು ಮನೆಯವರು ತಮ್ಮ 4 ಎಕರೆ ಮಾರ್ತಾರೆ. ಆ ಹೊಲ ಎಲ್ಲೈತಿ ಅಂದ್ರೆ, ತೂಬಿಗೂ ನನ್ನ ಹೊಲಕ್ಕೂ ನಡುವೆ. ನನಗೆ ಬರೋ ನೀರು ಆ ಹೊಲದ ಬದುವಿನ ಮೇಲಿನ ಹೊಲಗಾಲುವೆಯಾಗೇ ಬರಬೇಕು. ಇನ್ನೊಂದು ವಿಷಯ ಊರಿಗೆಲ್ಲಾ ಗೊತ್ತು. ಆ 4 ಎಕರೆ ಮೊದಲು ನಮ್ಮದೇ ಇತ್ತು. ನಮ್ಮಜ್ಜ ಅದನ್ನ ಕ್ಯಾಂಪಿನ ತಾತನಿಗೆ ಮಾರಿದ್ದ.

ಅದಕ್ಕೇ ಸಿಕ್ಕಸಿಕ್ಕೋರೆಲ್ಲ ನನಗೆ ಹೇಳೋದು ಒಂದೇ: "ನಿಮ್ಮ ಹೊಲ ನಿಮಗೇ ವಾಪಸ್ ಬರ್ತೈತಲ್ಲಪ್ಪ, ಸಾಲ ಮಾಡಿಯಾದ್ರೂ ತಗೋ. ಬಂದೋರು ಹೊಂಟ್ರು, ಇದ್ದೋರು ಇಲ್ಲೇ ಅದೀವಿ."

ಈ 'ಬಂದೋರು', 'ಇದ್ದೋರು' ಅನ್ನೋ ಮಾತು ನನಗೆ ಸರಿಯಾಗಿ ಒಳಗಿಳೀಲಿಲ್ಲ. ಹುಡುಗರು ಮೊಬೈಲ್‌ನಾಗ ಇದನ್ನೇ ಇನ್ನೂ ಖಾರ ಹಚ್ಚಿ ಬರೀತಾರೆ. ನೀರಿನ ಜಗಳ ಆದಾಗಂತೂ 'ವಲಸೆ ಬಂದೋರಿಗೇನು ಹಕ್ಕು' ಅನ್ನೋತನಕ ಹೋಗ್ತದೆ. ಹಂಗಾಗಿ ಈ 4 ಎಕರೆಯ ಕಥೆಯನ್ನ ಗೊತ್ತಿದ್ದಷ್ಟು ಕೂತು ಬರೆದಿದ್ದೀನಿ. ಉದ್ದ ಆಗ್ತದೆ, ಈಗ ಹೆಂಗೂ ನೀರಿಲ್ಲ, ಓದ್ರಿ.

ಮೊದಲು ನಮ್ಮಜ್ಜ ಯಾಕೆ ಮಾರಿದ ಅನ್ನೋದು. ಡ್ಯಾಮಿಗೆ ಅಡಿಗಲ್ಲು ಬಿದ್ದದ್ದು 1945ರ ಫೆಬ್ರವರಿ 28ಕ್ಕೆ. ಆಗ ಹೊಳೆ ಈಚೆ ಇರೋ ನಾವು ಮದರಾಸು ಪ್ರಾಂತ್ಯ, ಅಂದ್ರೆ ಬ್ರಿಟಿಷರ ಕೈಯಾಗ. ಹೊಳೆ ಆಚೆ ಗಂಗಾವತಿ, ಸಿಂಧನೂರು ನಿಜಾಮನ ಹೈದರಾಬಾದು. ಎರಡು ಸರ್ಕಾರ ಸೇರಿ ಕಟ್ಟಿದ ಡ್ಯಾಮು ಅದು. ಇವತ್ತಿಗೂ ನಮ್ಮ ಪಹಣಿ ತೆಗೆದು ನೋಡ್ರಿ, ಎಕರೆ ಆದ ಮೇಲೆ ಸೆಂಟ್ಸು ಬರ್ತದೆ, ಗುಂಟೆ ಬರಲ್ಲ. ಹೊಳೆ ದಾಟಿದರೆ ಗುಂಟೆ. ಮದರಾಸು ಹೋಗಿ ಎಪ್ಪತ್ತು ವರ್ಷದ ಮೇಲಾಯ್ತು, ಪಹಣಿಯಿಂದ ಇನ್ನೂ ಹೋಗಿಲ್ಲ.

ಕಾಲುವೆಗೆ ನೀರು ಬಂದದ್ದು 1953ರ ಜುಲೈನಾಗ. ಅದೇ ವರ್ಷ ಅಕ್ಟೋಬರ್ 1ಕ್ಕೆ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಸೇರಿ ಏಳು ತಾಲೂಕು ಮೈಸೂರಿಗೆ ಬಂದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಅಂದ್ರೆ ನೀರೂ ಗಡಿಯೂ ಮೂರು ತಿಂಗಳ ಅಂತರದಾಗ ಬಂದವು. ನಮ್ಮ ಸೋದರತ್ತೆಯನ್ನ ಕೊಟ್ಟ ಮನೆ ಆದೋನಿ ಕಡೆ. ಮದುವೆ ಆದಾಗ ಪಕ್ಕದ ತಾಲೂಕು, ಬಾಣಂತನಕ್ಕೆ ಬಂದಾಗ ಬೇರೆ ರಾಜ್ಯ. ಅತ್ತೆ ತಾನಿದ್ದ ಮನೆಯಿಂದ ಅಲ್ಲಾಡಿರಲಿಲ್ಲ. ಹಂಗಿದ್ರೂ ಆಕೆ 'ಆಂಧ್ರದವಳು' ಆದಳು.

ನೀರು ಬಂತು ಅಂದ ಕೂಡಲೇ ಎಲ್ಲರೂ ಕುಣಿದಾಡಿದ್ರು ಅಂತ ಈಗಿನವರು ತಿಳಿದಿರ್ತಾರೆ. ಹಂಗೇನಿಲ್ಲ. ನಮ್ಮದು ಎರೆ ಹೊಲ. ಜೋಳ, ಹತ್ತಿ, ನವಣೆ, ಕಡಲೆ, ಕುಸುಬಿ ಮಳೆ ಮೇಲೆ ಬೆಳೆಯೋ ನೆಲ. ಎರೆ ಹೊಲಕ್ಕೆ ಕಾಲುವೆ ನೀರು ಬಿಡಬೇಕಂದ್ರೆ ನೆಲ ಮಟ್ಟ ಮಾಡಬೇಕು, ಬದು ಹಾಕಬೇಕು, ಹೊಲಗಾಲುವೆ ತೋಡಬೇಕು. ಅದಕ್ಕೆ ದುಡ್ಡು ಬೇಕು, ಎತ್ತು ಬೇಕು, ಆಳು ಬೇಕು. ಅದರ ಮೇಲೆ ಸರ್ಕಾರ ನೀರಿನ ಕರದ ಜೊತೆಗೆ 'ಅಭಿವೃದ್ಧಿ ಕರ' ಅಂತ ಬೇರೆ ಹಾಕ್ತದೆ ಅನ್ನೋ ಸುದ್ದಿ. ಜಮೀನು ನೀರಾವರಿ ಆಗಿ ಬೆಲೆ ಏರಿತಲ್ಲ, ಆ ಏರಿಕೆಯಾಗ ಸರ್ಕಾರಕ್ಕೂ ಪಾಲು. ಕೈಯಾಗ ಬಿಡಿಗಾಸಿಲ್ಲದೋರಿಗೆ ಇದು ದೊಡ್ಡ ಹೆದರಿಕೆ. 'ಎರೆಗೆ ನೀರು ನಿಂತ್ರೆ ನೆಲ ಕೊಳೀತದೆ' ಅಂತ ಹಿರಿಯರು ಬೇರೆ ಹೇಳ್ತಿದ್ರಂತೆ. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಇವತ್ತು ನಮ್ಮ ತಗ್ಗಿನ ಹೊಲಗಳಾಗ ಬೆಳ್ಳಗೆ ಮೇಲೆದ್ದಿರೋ ಸವಳು ನೋಡಿದ್ರೆ ಗೊತ್ತಾಗ್ತದೆ.

ನಮ್ಮಜ್ಜನಿಗೆ ಆಗ ಜಮೀನು ಬೇಕಾದಷ್ಟಿತ್ತು, ರೊಕ್ಕ ಇರಲಿಲ್ಲ. ಇಬ್ಬರು ಹೆಣ್ಣುಮಕ್ಕಳ ಮದುವೆ ಮುಂದಿತ್ತು. ಎಕರೆಗೆ ಮುನ್ನೂರು ರೂಪಾಯಿಯಂತೆ 4 ಎಕರೆ ಕೊಟ್ಟ ಅಂತ ನಮ್ಮ ಮನೆಯಾಗ ಹೇಳ್ತಾರೆ. ಮೋಸ ಹೋದ ಅಂತ ಕೆಲವರು ಅಂತಾರೆ. ನಾನು ಹಂಗನ್ನಲ್ಲ. ಆ ದುಡ್ಡಿನಾಗ ಎರಡು ಮದುವೆ ಆಯ್ತು, ಉಳಿದ ಹೊಲದ ಬದು ಹಾಕಿದ್ದೂ ಅದೇ ದುಡ್ಡಿನಾಗ. ನಾನು ಇವತ್ತು ಭತ್ತ ನಾಟಿ ಮಾಡೋ ಮಟ್ಟದ ಗದ್ದೆ ಆ ಮಾರಿದ 4 ಎಕರೆಯ ದುಡ್ಡಿನಾಗೇ ಆಗಿದ್ದು.

ಇನ್ನು ಆ ಕಡೆಯ ಕಥೆ. ಕ್ಯಾಂಪಿನ ತಾತ ಬಂದದ್ದು ಗುಂಟೂರು ಸೀಮೆಯಿಂದ. ಗುಂಟೂರಿನಿಂದ ನಂದ್ಯಾಲ, ಗುಂತಕಲ್ಲು ಮೇಲೆ ಬಳ್ಳಾರಿಗೆ ಮೀಟರ್‌ಗೇಜ್ ರೈಲು. ಅಲ್ಲಿಂದ ಎತ್ತಿನ ಗಾಡಿ. ಇಲ್ಲಿ ಬಂದು ನೋಡಿದ್ರೆ ಮನೆ ಇಲ್ಲ, ರಸ್ತೆ ಇಲ್ಲ, ಕುಡಿಯೋಕೆ ಕಾಲುವೆ ನೀರೇ ಗತಿ. ಹೊಲದಾಗೇ ಗುಡಿಸಲು ಹಾಕಿದ್ರು. ಅದಕ್ಕೇ 'ಕ್ಯಾಂಪು' ಅನ್ನೋ ಹೆಸರು. ಎಪ್ಪತ್ತು ವರ್ಷ ಆಯ್ತು, ಮೂರಂತಸ್ತಿನ ಆರ್‌ಸಿಸಿ ಮನೆ ಎದ್ದರೂ ನಾವಿನ್ನೂ ಕ್ಯಾಂಪು ಅಂತೀವಿ. ನಾಳೆ ಎದ್ದು ಹೋಗೋರಿಗೆ ಇಡೋ ಹೆಸರು ಅದು.

ಅವರು ಬಂದದ್ದು ಅಲ್ಲಿ ಉಣ್ಣೋಕೆ ಇಲ್ಲದೆ ಅಲ್ಲ, ಜಾಗ ಇಲ್ಲದೆ. ಕೃಷ್ಣಾ, ಗೋದಾವರಿ ಡೆಲ್ಟಾದಾಗ ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ ಕಾಲದಾಗೇ ಅಣೆಕಟ್ಟು ಬಂದಿದ್ದವು. ಗೋದಾವರಿಗೆ ಧವಳೇಶ್ವರದ ಅಣೆಕಟ್ಟು 1852ಕ್ಕೆ ಮುಗೀತು, ಕೃಷ್ಣೆಗೆ ಬೆಜವಾಡದ ಅಣೆಕಟ್ಟು 1855ಕ್ಕೆ. ನೂರು ವರ್ಷ ಭತ್ತ ಬೆಳೆದು ಅಲ್ಲಿ ಜಮೀನಿನ ಬೆಲೆ ಆಕಾಶಕ್ಕೆ ಹೋಗಿತ್ತು, ಮನೆ ಪಾಲಾಗಿ ಪಾಲಾಗಿ ತಲೆಗೆ ಅರ್ಧ ಎಕರೆ, ಒಂದೆಕರೆ ಉಳಿದಿತ್ತು. ಅಲ್ಲಿ ಒಂದೆಕರೆ ಮಾರಿದರೆ ಇಲ್ಲಿ ಹತ್ತಾರು ಎಕರೆ ಸಿಗೋ ಲೆಕ್ಕ. ಇದೇ ಕಾಟನ್ ಸಾಹೇಬ 1860ರಲ್ಲಿ ತುಂಗಭದ್ರೆಗೂ ಡ್ಯಾಮು ಕಟ್ಟೋ ಯೋಜನೆ ಹಾಕಿದ್ದ. ಅದು ಆಗಲಿಲ್ಲ. ಆಗಿದ್ರೆ ನಮ್ಮ ಸೀಮೆಗೂ ನೂರು ವರ್ಷದ ನೀರಾವರಿ, ನಮಗೂ ಬದು ಹಾಕೋ ದುಡ್ಡು, ಅನುಭವ ಎಲ್ಲ ಇರ್ತಿತ್ತು. ಯಾರಿಗೆ ಗೊತ್ತು, ನಮ್ಮವರೇ ಇನ್ನೊಂದು ಬರಡು ಸೀಮೆಗೆ ಹೋಗಿ ಕ್ಯಾಂಪು ಹಾಕ್ತಿದ್ರೇನೋ. ಒಬ್ಬರಿಗೆ ನೂರು ವರ್ಷ ಮೊದಲು ನೀರು ಕೊಟ್ಟು ಇನ್ನೊಬ್ಬರಿಗೆ ಕೊಡದೇ ಇದ್ದದ್ದು ಮದರಾಸಿನ ಸರ್ಕಾರ. ಅವರಿಗೂ ನಮಗೂ ಇದ್ದ ವ್ಯತ್ಯಾಸ ಅಲ್ಲಿಂದ ಹುಟ್ಟಿದ್ದು. ಅವರು ಜಾಣರು ನಾವು ದಡ್ಡರು ಅನ್ನೋದೂ ಸುಳ್ಳು, ಅವರು ದೋಚೋಕೆ ಬಂದ್ರು ಅನ್ನೋದೂ ಸುಳ್ಳು.

'ಭತ್ತ ಬೆಳೆಯೋದು ಕಲಿಸಿದ್ದೇ ಆಂಧ್ರದವರು' ಅಂತ ಇನ್ನೊಂದು ಮಾತೈತಿ. ಅದನ್ನೂ ಸ್ವಲ್ಪ ತಿದ್ದಬೇಕು. ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆ ವಿಜಯನಗರದ ಅರಸರ ಕಾಲದವು. ಅವುಗಳ ಕೆಳಗೆ ನಮ್ಮ ಜನ ಐನೂರು ವರ್ಷದಿಂದ ಭತ್ತ ಉಂಡಾರೆ. ಕ್ಯಾಂಪಿನವರು ತಂದದ್ದು ಎರೆ ನೆಲದಾಗ ದಮ್ಮು ಹೊಡೆದು, ಗೊಬ್ಬರ ಸುರಿದು, ಎರಡೂ ಬೆಳೆ ಭತ್ತ ತೆಗೆಯೋ ಧೈರ್ಯ. ನಾವು ಬೆಳೆಯೋ ಸೋನಾ ಮಸೂರಿ ಅಂದ್ರೆ ಬಿಪಿಟಿ 5204. ಬಿಪಿಟಿ ಅಂದ್ರೆ ಬಾಪಟ್ಲ, ಗುಂಟೂರು ಸೀಮೆಯ ಊರು. ಅಲ್ಲಿಯ ತಳಿ ನಮ್ಮ ನೆಲಕ್ಕೆ ಒಗ್ಗಿ, ಈಗ ಎಲ್ಲಾ ಪೇಟೆಯಾಗೂ ನಮ್ಮ ಕಡೆ ಅಕ್ಕಿ ಅಂದ್ರೆ ಅದೇ. ಯಾರೂ ಬಿಪಿಟಿ ಚೀಲಕ್ಕೆ 'ನೀನು ವಲಸೆ ಬಂದಿ' ಅಂದಿಲ್ಲ.

ಆದರೆ ಆ ಧೈರ್ಯಕ್ಕೆ ಒಂದು ಬೆಲೆನೂ ಐತಿ, ಅದನ್ನ ಮುಚ್ಚಿಡಬಾರದು. ಈ ಡ್ಯಾಮು ಯೋಜನೆ ಹಾಕಿದಾಗ ಇದು ಬರಗಾಲ ತಡೆಯೋ ಯೋಜನೆ. ಇರೋ ನೀರನ್ನ ತೆಳ್ಳಗೆ ಹರವಿ ಆದಷ್ಟು ಹೆಚ್ಚು ಊರಿಗೆ ಕೊಡಬೇಕು ಅನ್ನೋದು ಲೆಕ್ಕ. ಅದಕ್ಕೇ 'ಲೋಕಲೈಸೇಷನ್' ಮಾಡಿದ್ರು. ಈ ಸರ್ವೆ ನಂಬರಿಗೆ ಭತ್ತ, ಇದಕ್ಕೆ ಜೋಳ, ಹತ್ತಿಯಂಥ ಅರೆ ನೀರಾವರಿ ಬೆಳೆ ಅಂತ ಪಟ್ಟಿ. ಬಹಳಷ್ಟು ಹೊಲ ಅರೆ ನೀರಾವರಿಗೇ ಬರ್ತಿದ್ವು. ಕಾಲುವೆ ಮೇಲ್ಭಾಗದಾಗ ಪಟ್ಟಿ ಮೀರಿ ಭತ್ತ ಹಾಕಿದ್ರು, ಕೊನೆ ಭಾಗಕ್ಕೆ ನೀರು ಮುಟ್ಟಲಿಲ್ಲ. ಮೊದಮೊದಲು ಹಂಗೆ ಮಾಡಿದವರು ಕ್ಯಾಂಪಿನವರು ಅನ್ನೋದು ನಿಜ. ಈಗ ಮಾಡ್ತಿರೋರು ಯಾರು? ನಾನೂ ಹಾಕ್ತೀನಿ, ನೀವೂ ಹಾಕ್ತೀರಿ. ನೀರಿನ ಜಗಳದಾಗ ಮೇಲಿನೋರು, ಕೆಳಗಿನೋರು ಅಂತ ಎರಡೇ ಜಾತಿ. ಡ್ಯಾಮಿನಾಗ ಮೊದಲು 133 ಟಿಎಂಸಿ ನಿಲ್ತಿತ್ತು, ಹೂಳು ತುಂಬಿ ಈಗ 105ರ ಹತ್ರ ಬಂದೈತಿ. ಕಡಿಮೆ ಆದ ಆ 28 ಟಿಎಂಸಿ ಕದ್ದದ್ದು ಕ್ಯಾಂಪಿನವರೂ ಅಲ್ಲ, ನಾವೂ ಅಲ್ಲ, ಹೂಳು. ಜಗಳ ಮಾತ್ರ ನಮ್ಮ ನಮ್ಮಲ್ಲೇ.

ಈಗ 'ಇದ್ದೋರು' ಅನ್ನೋ ಮಾತಿಗೆ ಬರ್ತೀನಿ. ನಾವು ಎಷ್ಟು ವರ್ಷದಿಂದ ಇದ್ದೋರು?

1800ರಲ್ಲಿ ನಿಜಾಮ ಈ ಸೀಮೆಯನ್ನ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲ ಅಂತ ಹೆಸರಾಯ್ತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ, 1807ರ ತನಕ ಇದ್ದ. ಆಗ ಊರಿಗೂರೇ ಖಾಲಿ ಬಿದ್ದಿದ್ವು. ಪಾಳೇಗಾರರ ಕಾಟಕ್ಕೆ, ತೆರಿಗೆ ಕಾಟಕ್ಕೆ ರೈತರು ರಾತ್ರೋರಾತ್ರಿ ಎತ್ತು ಹೊಡಕೊಂಡು ಮೈಸೂರು ಸೀಮೆಗೋ ನಿಜಾಮನ ಸೀಮೆಗೋ ಹೋಗಿಬಿಡೋರು. ಜಮೀನು ಇತ್ತು, ಊಳೋರಿಲ್ಲ. ಹಂಗಾಗಿ ಅರಸರೂ ಕಂಪನಿಯೋರೂ ಓಡಿಹೋದ ರೈತನಿಗೆ, ಬೇರೆ ಕಡೆಯಿಂದ ಬಂದ ರೈತನಿಗೆ ಒಂದು ಕಾಗದ ಕೊಡೋರು. 'ಬಂದು ಊಳು, ಇಷ್ಟು ವರ್ಷ ಇಷ್ಟೇ ಕಂದಾಯ, ಅದಕ್ಕಿಂತ ಹೆಚ್ಚು ಕೇಳಲ್ಲ' ಅಂತ. ಆ ಕಾಗದದ ಹೆಸರೇ ಕೌಲು. ಅರಬ್ಬಿ ಮಾತು ಅದು, ಅರ್ಥ 'ಕೊಟ್ಟ ಮಾತು'. ನಾವು ಇವತ್ತು ಹೊಲ ಕೌಲಿಗೆ ಹಾಕಿದೆ, ಕೌಲಿಗೆ ಹಿಡಿದೆ ಅಂತೀವಲ್ಲ, ಅದೇ ಮಾತು. ಬಿತ್ತನೆ ಬೀಜಕ್ಕೆ, ಎತ್ತಿಗೆ ತಗಾವಿ ಸಾಲನೂ ಕೊಟ್ಟರು. ರೈತವಾರಿ ಪದ್ಧತಿ ತಂದು ಒಬ್ಬೊಬ್ಬ ರೈತನ ಹೆಸರಿಗೆ ಪಟ್ಟಾ ಆಯ್ತು. ಜನ ಆ ಕಲೆಕ್ಟರನ್ನ ಎಷ್ಟು ಹಚ್ಚಿಕೊಂಡ್ರು ಅಂದ್ರೆ ಮಕ್ಕಳಿಗೆ ಅವನ ಹೆಸರಿಟ್ಟರು. ನಮ್ಮ ಕಡೆಯವರೇ ಆದ ಕುಂವೀಯವರು ಆ ಕಾಲವನ್ನ 'ಅರಮನೆ' ಕಾದಂಬರಿಯಾಗ ತಂದಾರೆ, ಅದಕ್ಕೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಓದಿಲ್ಲದೋರು ಈ ಬೇಸಿಗೆ ಓದ್ರಿ. ಆದರೆ ಕಂದಾಯ ಹೆಚ್ಚೇ ಇತ್ತು, ಕೌಲು ಕೊಟ್ಟಿದ್ದು ಖಜಾನೆ ತುಂಬೋಕೆ ಅನ್ನೋದನ್ನೂ ಮರೀಬಾರದು.

ನಮ್ಮ ಮನೆತನ ಈ ಊರಿಗೆ ಬಂದದ್ದೂ ಹಂಗೇ ಅಂತ ನಮ್ಮಜ್ಜಿ ಹೇಳ್ತಿದ್ಲು. 'ನಮ್ಮ ಮನೆದೇವ್ರು ಯಾಕೆ ನಾಲ್ಕು ದಿನದ ದಾರಿ ದೂರ ಅದಾನೆ ಗೊತ್ತೇನು? ನಾವು ಅಲ್ಲಿಂದ ಬಂದೋರು' ಅಂತ. ನಿಮ್ಮ ನಿಮ್ಮ ಮನೆದೇವರು ಎಲ್ಲದಾನೆ ಅಂತ ಒಂದ್ಸಲ ಯೋಚನೆ ಮಾಡ್ರಿ. ಊರಾಗೇ ಇದ್ದರೆ ನೀವು ಮೂಲದೋರು. ಎತ್ತಿನ ಗಾಡಿ ಕಟ್ಟಿಕೊಂಡು ಹೋಗಬೇಕಾದಷ್ಟು ದೂರ ಇದ್ದರೆ ನಿಮ್ಮ ಮುತ್ತಜ್ಜನ ಕೈಯಾಗೂ ಒಂದು ಕೌಲು ಇತ್ತು.

ಆಮೇಲೆ 1876ರಿಂದ 78ರ ಬರ. ಧಾತು, ಈಶ್ವರ ಸಂವತ್ಸರದ ಬರ. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಬಳ್ಳಾರಿ ಜಿಲ್ಲೆಯಾಗ ಐದರಲ್ಲಿ ಹತ್ರ ಹತ್ರ ಒಂದು ಪಾಲು ಜನ ಕಡಿಮೆ ಆದರು. ಸತ್ತವರು ಸತ್ತರು, ಉಳಿದವರು ಗುಳೆ ಹೋದರು. ಅವರ ಹೊಲ ಯಾರು ಉಳುಮೆ ಮಾಡಿದ್ರು? ಅದೇ ಬರದ ಹೊತ್ತಿಗೆ ಮದರಾಸು ಪ್ರಾಂತ್ಯಕ್ಕೆ ಹೊರದೇಶದಿಂದ ಒಂದು ಮುಳ್ಳುಗಿಡದ ಬೀಜನೂ ಬಂತು. ಅದು ನಮ್ಮ ಹೆಸರನ್ನೇ ಇಟ್ಟುಕೊಂಡು 'ಬಳ್ಳಾರಿ ಜಾಲಿ' ಆಗಿ ಕೂತೈತಿ. ನಾವು ಬ್ಯಾಡಗಿ, ಗುಂಟೂರು ಅಂತ ಜಗಳ ಆಡೋ ಮೆಣಸಿನಕಾಯಿ ಎರಡೂ ಅಮೆರಿಕದ ಕಡೆಯಿಂದ ಬಂದ ಬೆಳೆ. ಮೂಲ ಹುಡುಕ್ತಾ ಹೋದ್ರೆ ಹೊಲದಾಗ ಬಹಳ ಉಳಿಯಲ್ಲ.

ಡ್ಯಾಮು ಕಟ್ಟಿದಾಗ ಮುಳುಗಿದ ಸುಮಾರು 90 ಹಳ್ಳಿಯ ಜನರನ್ನೂ ಇಲ್ಲಿ ನೆನೀಬೇಕು. ನಾರಾಯಣದೇವರಕೆರೆಯವರು ಊರು ಬಿಟ್ಟು ಮರಿಯಮ್ಮನಹಳ್ಳಿಗೆ ಬಂದರು. ಅವರು ಬಿಟ್ಟ ನೆಲದ ಮೇಲೆ ನಿಂತ ನೀರಿನಾಗೇ ಕ್ಯಾಂಪಿನೋರೂ ಭತ್ತ ಬೆಳೆದ್ರು, ನಾವೂ ಬೆಳೆದ್ವಿ. ನೆಲ ಕಳಕೊಂಡ ಅವರ ಮುಂದೆ 'ನಾವು ಮೂಲದೋರು' ಅಂತ ಎದೆ ತಟ್ಟಿಕೊಳ್ಳೋಕೆ ನಮಗಾದ್ರೂ ಮುಖ ಎಲ್ಲೈತಿ?

ಇಷ್ಟು ಬರೆದ ಮೇಲೆ ನಿಜವಾದ ತೊಡಕು ಹೇಳ್ತೀನಿ. ನನ್ನ ನಿದ್ದೆ ಕೆಡಿಸಿದ್ದು ಇದು.

ಆ 4 ಎಕರೆಯ ಕಥೆ ಹೇಳುವಾಗ ಎಲ್ಲರೂ ಎರಡು ಮನೆ ಲೆಕ್ಕ ಹಿಡೀತಾರೆ. ಮಾರಿದ ನಮ್ಮ ಮನೆ, ಕೊಂಡ ಕ್ಯಾಂಪಿನ ಮನೆ. ಆದರೆ ಆ ಹೊಲದಾಗ ಮೂರನೇ ಮನೆ ಒಂದೈತಿ. ನಮ್ಮಜ್ಜನ ಕಾಲದಾಗ ಆ ಹೊಲಕ್ಕೆ ಸಂಬಳಕ್ಕಿದ್ದ ಆಳು, ನಮ್ಮೂರಿನದೇ ಪರಿಶಿಷ್ಟ ಜಾತಿಯ ಕುಟುಂಬದವನು. ಹೊಲ ಮಾರಿದ ಮರುವರ್ಷ ಅದೇ ಮನುಷ್ಯ ಕ್ಯಾಂಪಿನ ತಾತನ ಹತ್ರ ಕೆಲಸಕ್ಕೆ ನಿಂತ. ಗುಂಟೂರಿನಿಂದ ಬಂದವರಿಗೆ ಈ ನೆಲದ ಉಬ್ಬು ತಗ್ಗು, ಮಳೆ ಬಂದ್ರೆ ನೀರು ಎಲ್ಲಿ ನಿಲ್ತದೆ ಅನ್ನೋದನ್ನ ಹೇಳಿಕೊಟ್ಟೋನು ಅವನೇ. ಬದು ಹಾಕಿದ್ದು ಅವನ ಕೈ. ಆಮೇಲೆ ಅವನ ಮಗ. ಈಗ ಸೊಸೆ, ಮೊಮ್ಮಗ. ಹದಿನೈದು ವರ್ಷದಿಂದ ಕ್ಯಾಂಪಿನವರು ಆ ಹೊಲ ಅವರಿಗೇ ಕೌಲಿಗೆ ಕೊಟ್ಟಾರೆ. ಎಕರೆಗೆ ಇಷ್ಟು ಚೀಲ, 75 ಕೆಜಿ ಚೀಲದ ಲೆಕ್ಕದಾಗ. ಬಾಯಿ ಮಾತಿನ ಕೌಲು, ಪಹಣಿಯಾಗ ಏನೂ ಇಲ್ಲ. ಬೆಳೆ ಹೋದ್ರೆ ಪರಿಹಾರ ಪಹಣಿ ಹೆಸರಿಗೆ ಬರ್ತದೆ, ಊಳೋರಿಗೆ ಬರಲ್ಲ.

1974ರ ಭೂಸುಧಾರಣೆಯಾಗ 'ಉಳುವವನೇ ಒಡೆಯ' ಅಂದ್ರಲ್ಲ, ಗೇಣಿದಾರರು ಫಾರಂ ನಂಬರ್ 7 ಹಾಕಿ ಎಷ್ಟೋ ಜನ ಜಮೀನು ಮಾಡಿಕೊಂಡ್ರು. ಈ ಮನೆಯವರಿಗೆ ಯಾಕೆ ಆಗಲಿಲ್ಲ? ಯಾಕಂದ್ರೆ ಆಗ ಅವರು ಗೇಣಿದಾರರಲ್ಲ, ಆಳುಗಳು. ಆಳಿಗೆ ಫಾರಂ ಇರಲಿಲ್ಲ. ನಮ್ಮಜ್ಜ ಮಾರಿ ಮದುವೆ ಮಾಡಿದ, ಕ್ಯಾಂಪಿನ ತಾತ ಕೊಂಡು ಮಕ್ಕಳನ್ನ ಓದಿಸಿದ. ಅದೇ ಹೊಲದಾಗ ಮೂರು ತಲೆಮಾರು ಬೆವರು ಸುರಿಸಿದೋರಿಗೆ ಇವತ್ತು ಒಂದು ಸೆಂಟ್ ಇಲ್ಲ. ಅವರನ್ನ ಏನಂತ ಕರೀಬೇಕು? ಅವರು ಬಂದೋರಲ್ಲ. ಆದರೆ 'ಇದ್ದೋರು ಅದೀವಿ' ಅಂತ ಕಟ್ಟೆ ಮೇಲೆ ಹೇಳುವಾಗ ಆ ಲೆಕ್ಕದಾಗೂ ಯಾರೂ ಅವರನ್ನ ಹಿಡಿಯಲ್ಲ.

ನಾನು ಆ ಹೊಲ ತಗೊಂಡ್ರೆ ನಾನೇ ಊಳ್ತೀನಿ, ಟ್ರಾಕ್ಟರ್ ಐತಿ, ಮಗ ಇದಾನೆ. ಅವರ ಕೌಲು ಅಲ್ಲಿಗೆ ಮುಗೀತು. ನಾನು ಬಿಟ್ರೆ? 2020ರ ತಿದ್ದುಪಡಿ ಆದ ಮೇಲೆ ರೈತರಲ್ಲದೋರೂ ಜಮೀನು ಕೊಳ್ಳಬಹುದು. ಬಳ್ಳಾರಿ ಕಡೆಯಿಂದ ಒಬ್ಬರು ಕಾರಿನಾಗ ಬಂದು ನೋಡಿಕೊಂಡು ಹೋಗ್ಯಾರೆ. ಅವರು ಕೊಂಡ್ರೆ ತಂತಿಬೇಲಿ ಹಾಕ್ತಾರೆ, ನನ್ನ ಹೊಲಗಾಲುವೆ ಏನಾಗ್ತದೋ ಶಿವನೇ ಬಲ್ಲ. ಅಂದ್ರೆ ಇದರಾಗ ನನ್ನ ಸ್ವಾರ್ಥನೂ ಐತಿ, ಅದನ್ನ ಬಚ್ಚಿಡಲ್ಲ. ಮೇಲಿನ ಹೊಲದಾಗ ಗೊತ್ತಿರೋ ಮನುಷ್ಯ ಇರಬೇಕು ನನಗೆ.

ಹೋದ ತಿಂಗಳು ಕ್ಯಾಂಪಿನ ಹುಡುಗನ ಮನೆಗೆ ಹೋದೆ. ಹುಡುಗ ಅಂದ್ರೆ ತಾತನ ಮೊಮ್ಮಗ, ಈಗ ನಲವತ್ತು ದಾಟಿದಾನೆ. ಅವನ ಮಕ್ಕಳು ಹೈದರಾಬಾದಿನಾಗ ಓದ್ತಾರೆ. ಎರಡು ಬೆಳೆ ಹೋದ ವರ್ಷದ ಸಾಲ, ರೈಸ್‌ಮಿಲ್ಲಿನೋರ ಅಡ್ವಾನ್ಸು, ಫೀಜು. ಅದಕ್ಕೇ ಮಾರ್ತಿರೋದು. "ಅಣ್ಣಾ, ಊರಾಗ ಎಲ್ಲರೂ ನಾವು ಲಾಭ ಮಾಡಿಕೊಂಡು ಹೊಂಟೀವಿ ಅಂತಾರೆ. ತಾತ ಅಲ್ಲಿ ಮಾರಿದ ಅರ್ಧ ಎಕರೆ ಈಗ ಅಮರಾವತಿ ಪಕ್ಕದಾಗ ಐತಿ. ಅದನ್ನ ಇಟ್ಕೊಂಡು ಸುಮ್ನೆ ಕೂತಿದ್ರೆ ಇಲ್ಲಿಯ ಹೊಲಕ್ಕಿಂತ ಹೆಚ್ಚು ಬಾಳ್ತಿತ್ತು" ಅಂದ. ನಗ್ತಾ ಹೇಳಿದ, ಆದರೆ ನಗು ಪೂರ್ತಿ ಬರಲಿಲ್ಲ. ಆಮೇಲೆ ಅಂದ: "ಅಲ್ಲಿ ಹೋದ್ರೆ ನಮ್ಮನ್ನ ಬಳ್ಳಾರಿಯವರು ಅಂತಾರೆ. ಇಲ್ಲಿ ಕ್ಯಾಂಪಿನವರು. ನನ್ನ ಮಕ್ಕಳಿಗೆ ಕನ್ನಡ ಓದೋಕೆ ಬರ್ತದೆ, ತೆಲುಗು ಓದೋಕೆ ಬರಲ್ಲ. ಎಲ್ಲಿಗೆ ಹೋಗಲಿ ನಾನು?"

"ಎಲ್ಲಿಗೂ ಹೋಗಬೇಡಪ್ಪ ತಮ್ಮಾ, ಉಳಿದ ಹೊಲ ಮನೆ ಇಲ್ಲೇ ಇರಲಿ" ಅಂದೆ. ಆಮೇಲೆ ಮನಸಿನಾಗಿದ್ದ ಮಾತು ತೆಗೆದೆ. ನನ್ನ ಕೈಯಾಗ ಆಗೋದು 2 ಎಕರೆ. ಉಳಿದ 2 ಎಕರೆ ಕೌಲಿನೋರಿಗೇ ಯಾಕೆ ಆಗಬಾರದು?

ಇದಕ್ಕೆ ದಾರಿ ಐತಿ, ಅದನ್ನ ಓದೋರಿಗಾಗಿ ಬಿಡಿಸಿ ಬರೀತೀನಿ. ಅಂಬೇಡ್ಕರ್ ಅಭಿವೃದ್ಧಿ ನಿಗಮದ ಭೂ ಒಡೆತನ ಯೋಜನೆ. ಪರಿಶಿಷ್ಟ ಜಾತಿಯ ಭೂರಹಿತ ಕೂಲಿ ಕುಟುಂಬದ ಹೆಣ್ಣುಮಗಳ ಹೆಸರಿಗೆ ಜಮೀನು ಕೊಡಿಸ್ತಾರೆ. ಅರ್ಧ ದುಡ್ಡು ಸಬ್ಸಿಡಿ, ಅರ್ಧ ಕಡಿಮೆ ಬಡ್ಡಿ ಸಾಲ. ಮಾರೋರು ಪರಿಶಿಷ್ಟ ಜಾತಿ, ಪಂಗಡದವರಾಗಿರಬಾರದು. ಬೆಲೆಯನ್ನ ಜಿಲ್ಲಾಧಿಕಾರಿಗಳ ಸಮಿತಿ ನೋಡಿ ಒಪ್ಪಬೇಕು. ತೊಡಕು ಎರಡು. ಬೆಲೆ ಪೇಟೆ ಬೆಲೆಗಿಂತ ಕಡಿಮೆ ಬರ್ತದೆ, ದುಡ್ಡು ಕೈಗೆ ಬರೋಕೆ ತಡ ಆಗ್ತದೆ. ಸಾಲಗಾರರು ಮನೆ ಬಾಗಿಲಿಗೆ ಬಂದಿರೋ ಮಾರಾಟಗಾರನಿಗೆ ಇವೆರಡೂ ಕಷ್ಟವೇ. ಅದಕ್ಕೇ ಈ ಯೋಜನೆಗೆ ಒಳ್ಳೆ ಹೊಲ ಸಿಗೋದು ಅಪರೂಪ. ಕಲ್ಲು ಗುಡ್ಡ, ಸವಳು ಭೂಮಿ ತಳ್ಳೋಕೆ ನೋಡೋರೇ ಹೆಚ್ಚು.

ಹುಡುಗ ಸುಮಾರು ಹೊತ್ತು ಸುಮ್ನಿದ್ದ. "ಅಮ್ಮನ್ನ ಕೇಳಿ ಹೇಳ್ತೀನಿ" ಅಂದ. ವಾರ ಆದ ಮೇಲೆ ಫೋನ್ ಮಾಡಿದ. ಅವರಮ್ಮ ಅಂದ್ರಂತೆ, ಈ ಮನೆಗೆ ಮೊದಲ ವರ್ಷ ಅನ್ನ ಹಾಕಿದ್ದು ಆ ಮನುಷ್ಯನ ಕೈ, ಬೆಲೆ ಸ್ವಲ್ಪ ಕಡಿಮೆ ಆದ್ರೂ ಆ ಮನೆಗೆ 2 ಎಕರೆ ಹೋಗಲಿ ಅಂತ. ತಡ ಆಗೋದಕ್ಕೆ ಒಂದು ಉಪಾಯ ಮಾಡಿದ್ವಿ. ನನ್ನ 2 ಎಕರೆಯ ದುಡ್ಡು ನಾನು ಮೊದಲೇ ಪೂರ್ತಿ ಕೊಡ್ತೀನಿ, ಅದರಾಗ ಅವನ ಅರ್ಜೆಂಟ್ ಸಾಲ ತೀರ್ತದೆ. ಇನ್ನೆರಡು ಎಕರೆ ನಿಗಮದಿಂದ ಬರೋತನಕ ಅವನು ಕಾಯ್ತಾನೆ. ತೂಬಿನ ಪಕ್ಕದ 2 ಎಕರೆ ಅವರಿಗೆ, ಕೆಳಗಿನ 2 ನನಗೆ.

ಕೌಲಿನ ಮನೆಯ ಅಕ್ಕನಿಗೆ ಹೇಳೋಕೆ ಹೋದಾಗ ಆಕೆ ಮೊದಲು ನಂಬಲಿಲ್ಲ. "ಯಪ್ಪಾ, ಮೇಲಿನ ಹೊಲ ನಮಗಾ? ಕೆಳಗಿನದು ನಿಮಗಾ? ತಿರುವು ಮುರುವು ಆತಲ್ಲ" ಅಂದಳು. ಆಕೆ ಹೇಳಿದ್ದು ಹೊಲದ ಮಾತಷ್ಟೇ ಅಲ್ಲ ಅಂತ ನನಗೂ ಗೊತ್ತಾಯ್ತು, ಆಕೆಗೂ ಗೊತ್ತಿತ್ತು. ಆಮೇಲೆ ಕೆಲಸದ ಮಾತೇ ಕೇಳಿದಳು: "ಅರ್ಧ ಸಾಲ ಅಂತೀರಿ. ಹಿಂಗೆ ನೀರು ಬರದ ವರ್ಷ ಕಂತು ಎಲ್ಲಿಂದ ಕಟ್ಟಲಿ?" ಒಳ್ಳೆ ಪ್ರಶ್ನೆ. ಇದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಒಂದು ಎಕರೆ ಭತ್ತ, ಒಂದು ಎಕರೆ ಜೋಳ, ಕಡಲೆ ಇಟ್ಟುಕೊಂಡ್ರೆ ನೀರು ಬರದ ವರ್ಷನೂ ಕಂತಿನಷ್ಟು ಬರಬಹುದು ಅಂತ ಇಬ್ಬರೂ ಕೂತು ಲೆಕ್ಕ ಹಾಕಿದ್ವಿ. ಡ್ಯಾಮು ಕಟ್ಟಿದೋರ ಲೋಕಲೈಸೇಷನ್ ಪಟ್ಟಿಗೇ ತಿರುಗಿ ಬಂದಂಗಾಯ್ತು. ಅರ್ಜಿ ಹಾಕಿದ್ದೀವಿ. ಅಧಿಕಾರಿಗಳು ಬಂದು ಹೊಲ ನೋಡಬೇಕು, ಸಮಿತಿ ಒಪ್ಪಬೇಕು. ಆಗ್ತದೆ ಅಂತ ಈಗಲೇ ಡಂಗುರ ಹೊಡೆಯಲ್ಲ.

ಒಂದು ಕೆಲಸ ಮಾತ್ರ ಮುಗಿಸಿದ್ದೀವಿ. ಮೂರೂ ಮನೆಯವರು ಕೂತು ಹೊಲಗಾಲುವೆ ಬಗ್ಗೆ ಛಾಪಾ ಕಾಗದದ ಮೇಲೆ ಬರೆದುಕೊಂಡ್ವಿ. ಯಾರ ಹೊಲ ಯಾರ ಕೈಗೆ ಹೋದ್ರೂ ಹೊಲಗಾಲುವೆಯ ಜಾಗ ಹಂಗೇ ಇರಬೇಕು, ವಾರದಾಗ ಯಾರಿಗೆ ಯಾವ ದಿನ, ಯಾವ ರಾತ್ರಿ ನೀರು ಅಂತ. ಕ್ಯಾಂಪಿನ ಹುಡುಗ ಕನ್ನಡದಾಗೇ ಬರೆದ, ಅಕ್ಷರ ನನ್ನದಕ್ಕಿಂತ ದುಂಡಗಿವೆ. ಅಕ್ಕ ಹೆಬ್ಬೆಟ್ಟು ಒತ್ತಲ್ಲ ಅಂದಳು, ಮೊಮ್ಮಗಳ ಹತ್ರ ಕಲಿತು ಸಹಿ ಮಾಡಿದಳು.

ನಿಮ್ಮ ಕಡೆನೂ ಈ ಬೇಸಿಗೆ ಕ್ಯಾಂಪುಗಳಾಗ ಹೊಲ ಮಾರಾಟಕ್ಕೆ ಬಂದಿರ್ತಾವೆ. ಕೊಳ್ಳೋರು ಕೊಳ್ರಿ, ಬ್ಯಾಡ ಅನ್ನಲ್ಲ. ಆದರೆ ಮೂರು ಕೆಲಸ ಮಾಡ್ರಿ. ಹಳೇ ಕ್ರಯಪತ್ರ ತೆಗೆದು ಓದ್ರಿ, ನಿಮ್ಮ ಹಿರಿಯರು ಯಾಕೆ ಮಾರಿದ್ರು ಅನ್ನೋದು ಗೊತ್ತಾದ್ರೆ ಅರ್ಧ ಸಿಟ್ಟು ಇಳೀತದೆ. ಹೊಲಗಾಲುವೆ, ದಾರಿ ಎಲ್ಲಿ ಹಾದು ಹೋಗ್ತಾವೆ ಅನ್ನೋದನ್ನ ಕಾಗದದ ಮೇಲೆ ತರ್ರಿ. ಕೊನೇದು, ಆ ಹೊಲ ಈಗ ಯಾರು ಊಳ್ತಾರೆ ಅಂತ ಕೇಳ್ರಿ. ಪಹಣಿಯಾಗ ಅವರ ಹೆಸರು ಇರಲ್ಲ, ಹೊಲಕ್ಕೇ ಹೋಗಿ ಕೇಳಬೇಕು.

ಗೇಟಿನ ಕೆಲಸ ಮುಗಿದು ಮಳೆಗಾಲಕ್ಕೆ ಡ್ಯಾಮು ತುಂಬಲಿ ಅಂತ ಬೇಡಿಕೊಳ್ಳೋಣ. ಸಸಿಮಡಿಗೆ ಬೀಜ ತರೋರು ಈ ಸಲ ಆತುರ ಮಾಡಬೇಡ್ರಿ, ಕಾಲುವೆಗೆ ನೀರು ಬಿಡೋ ದಿನ ಗೊತ್ತಾದ ಮೇಲೇ ಬೀಜ ನೆನೆ ಹಾಕ್ರಿ. ನಿಗಮದವರು ಹೊಲ ನೋಡೋಕೆ ಬಂದಾಗ ಏನಾಯ್ತು ಅನ್ನೋದನ್ನ ಮುಂದಿನ ಸಲ ಬರೀತೀನಿ.